ಗಿಟಾರಿನ ಬೆನ್ನಿನ ಆರು ತೂತುಗಳು

ನಾನು ಮಾಡಿದ ಮೊದಲ ಎಲೆಕ್ಟ್ರಿಕ್ ಗಿಟಾರ್ ಇವತ್ತಿಗೂ ನನ್ನ ಕೋಣೆಯ ಗೋಡೆಯಲ್ಲಿ ನೇತಾಡುತ್ತಿದೆ. ಎದುರಿನಿಂದ ನೋಡಿದರೆ ಹೇಳಿಕೊಳ್ಳುವಂಥ ಕೊರತೆ ಏನೂ ಕಾಣುವುದಿಲ್ಲ. ಬಣ್ಣ ಚೆನ್ನಾಗಿ ಕೂತಿದೆ. ನೆಕ್, ಅಂದರೆ ಬೆರಳಾಡಿಸುವ ಉದ್ದನೆಯ ಕತ್ತು, ನೇರವಾಗಿದೆ. ಶ್ರುತಿ ನಿಲ್ಲುತ್ತದೆ. ಮನೆಗೆ ಬಂದವರು ಅದನ್ನು ಕೈಗೆತ್ತಿಕೊಂಡು ನಾಲ್ಕು ಸ್ವರ ನುಡಿಸಿ, "ಇದನ್ನ ನೀವೇ ಮಾಡಿದ್ದಾ?" ಎಂದು ಕೇಳುತ್ತಾರೆ. ಖುಷಿಯಾಗುತ್ತದೆ. ಆದರೆ ಆ ಹೊತ್ತಿನಲ್ಲಿ ನನ್ನ ಗಮನ ಅವರ ಮಾತಿನ ಮೇಲೆ ಇರುವುದಿಲ್ಲ. ಇನ್ನೇನು ಗಿಟಾರನ್ನು ತಿರುಗಿಸಿ ಬೆನ್ನು ನೋಡುತ್ತಾರೆ, ಅಲ್ಲಿರುವ ಆರು ತೂತು ನೋಡುತ್ತಾರೆ ಅಂತ ಒಳಗೊಳಗೇ ಕಾಯುತ್ತಿರುತ್ತೇನೆ. ಆ ಆರು ತೂತು ಒಂದು ಗೆರೆಯಲ್ಲಿ ಇಲ್ಲ.

ಬಾಡಿಯ, ಅಂದರೆ ಗಿಟಾರಿನ ಮರದ ಮೈಯ, ಬೆನ್ನಿನಿಂದ ತಂತಿ ಪೋಣಿಸುವ ಗಿಟಾರ್ ನೋಡಿದವರಿಗೆ ಈ ತೂತುಗಳು ಗೊತ್ತು. 1950ರಲ್ಲಿ ಫೆಂಡರ್ ಕಂಪನಿ ತಂದ ಮರದ ಹಲಗೆಯಂಥ ಗಿಟಾರಿನಲ್ಲೇ ಈ ಏರ್ಪಾಡು ಇತ್ತು. ಮರುವರ್ಷ ಅದಕ್ಕೆ ಟೆಲಿಕಾಸ್ಟರ್ ಅನ್ನುವ ಹೆಸರು ಬಂತು. 1958ರ ಕೊನೆಗೆ ಸ್ವಲ್ಪ ಕಾಲ ಈ ತೂತುಗಳನ್ನು ಬಿಟ್ಟು, ತಂತಿಯನ್ನು, ಮುಂಭಾಗದಲ್ಲಿ ಅದನ್ನು ಹೊತ್ತು ನಿಲ್ಲುವ ಬ್ರಿಡ್ಜಿನ ಹಿಂಬದಿಯಿಂದಲೇ ಪೋಣಿಸುವ ಹಾಗೆ ಮಾಡಿದ್ದರು. ಆಮೇಲೆ ಮತ್ತೆ ಹಳೆಯ ದಾರಿಗೇ ಬಂದರು. ತಂತಿ ಬೆನ್ನಿನಿಂದ ಒಳಗೆ ಹೋಗಿ, 45 ಮಿ.ಮೀ. ದಪ್ಪದ ಮರ ದಾಟಿ, ಬ್ರಿಡ್ಜಿನಲ್ಲಿ ಮೇಲೆ ಬರುತ್ತದೆ. ತಂತಿಯ ತುದಿಯ ಗುಂಡು ಮರವನ್ನು ಕೊರೆಯದಿರಲಿ ಅಂತ ಬೆನ್ನಿನ ಕಡೆ ಒಂದೊಂದು ತೂತಿಗೂ ಲೋಹದ ಸಣ್ಣ ಬಟ್ಟಲಿನಂಥ ಫೆರೂಲ್ ಕೂರಿಸುತ್ತಾರೆ. ಹಳೆಯ ಅಳತೆಯ ಬ್ರಿಡ್ಜಿನಲ್ಲಿ ಮೊದಲ ತಂತಿಯಿಂದ ಆರನೆಯದಕ್ಕೆ 54 ಮಿ.ಮೀ. ಅಂದರೆ ಪಕ್ಕಪಕ್ಕದ ತೂತುಗಳ ನಡುವೆ 10.8 ಮಿ.ಮೀ. ಫೆರೂಲ್ 8 ಮಿ.ಮೀ. ಅಗಲದ್ದಾದರೆ ಎರಡು ಫೆರೂಲ್‌ಗಳ ನಡುವೆ ಉಳಿಯುವ ಮರ ಬರೀ 2.8 ಮಿ.ಮೀ. ಇಷ್ಟು ಇಕ್ಕಟ್ಟಿನಲ್ಲಿ ಒಂದು ತೂತು ಅರ್ಧ ಮಿ.ಮೀ. ಆಚೀಚೆ ಆದರೂ ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ.

ನಾದಕ್ಕೆ ಇದರಿಂದ ಏನೂ ಆಗಿಲ್ಲ. ನುಡಿಸುವ ಬೆರಳಿಗೂ ಗೊತ್ತಾಗುವುದಿಲ್ಲ. ಹಾಗಿದ್ದ ಮೇಲೆ ಯಾಕೆ ಇಷ್ಟು ಕೊರೆಯುತ್ತದೆ? ಬಣ್ಣದಲ್ಲಿ ಒಂದು ಕಡೆ ಸಣ್ಣ ಗುಳ್ಳೆ ಇದೆ, ಅದು ನನಗೆ ನೆನಪಿಗೂ ಬರುವುದಿಲ್ಲ. ಅಂಚಿನ ದುಂಡು ಒಂದು ಬದಿಯಲ್ಲಿ ತುಸು ಜಾಸ್ತಿಯಾಗಿದೆ, ಅದೂ ಪರವಾಗಿಲ್ಲ. ಈ ಆರು ತೂತು ಮಾತ್ರ ಬಿಡುವುದಿಲ್ಲ. ಮೂರು ಗಿಟಾರಿನ ಕೆಲಸ ಮಾಡುತ್ತಾ ಇದನ್ನೇ ಯೋಚಿಸಿದ್ದೇನೆ.

ಉಜ್ಜಿ ಸರಿಮಾಡಲಾಗದ ಕೆಲಸ

ಬಾಡಿ ಮಾಡುವಾಗಿನ ಉಳಿದ ಕೆಲಸಗಳೆಲ್ಲ ನಿಧಾನವಾಗಿ ಗೆರೆಯ ಹತ್ತಿರ ಹೋಗುವಂಥವು. ಗರಗಸದಲ್ಲಿ ಕತ್ತರಿಸುವಾಗ ಗೆರೆಯಿಂದ 2 ಮಿ.ಮೀ. ಹೊರಗೇ ಉಳಿಸಿಕೊಳ್ಳುತ್ತೇವೆ. ಆಮೇಲೆ ಅಂಚು ಕೆತ್ತುವ ರೌಟರ್ ಯಂತ್ರ, ಆಮೇಲೆ ಅರ, ಆಮೇಲೆ ಉಜ್ಜುಕಾಗದ. ಒಂದೊಂದು ಹೆಜ್ಜೆಯಲ್ಲೂ ನಿಂತು ನೋಡಬಹುದು. ಸ್ವಲ್ಪ ಜಾಸ್ತಿ ಉಳಿದಿದ್ದರೆ ಇನ್ನೊಂದು ಸಲ ಉಜ್ಜಬಹುದು. ನೆಕ್ ಕೂರುವ ಗುಳಿಯೂ ಅಷ್ಟೇ. ಬಿಗಿಯಾದರೆ ಒಂದು ಎಳೆ ಕೆರೆದು ಮತ್ತೆ ಕೂರಿಸಿ ನೋಡಬಹುದು. ತೂತು ಹಾಗಲ್ಲ. ಡ್ರಿಲ್ಲಿನ ಕೊರೆಯುವ ಕಡ್ಡಿಯ, ಅಂದರೆ ಬಿಟ್‌ನ, ಮೂತಿ ಮರಕ್ಕೆ ಕಚ್ಚಿದ ಗಳಿಗೆಯಲ್ಲೇ ಅದರ ಜಾಗ ತೀರ್ಮಾನವಾಗಿರುತ್ತದೆ. ಆಮೇಲೆ ಆಳ ಹೆಚ್ಚಿಸಬಹುದು, ಅಗಲ ಹೆಚ್ಚಿಸಬಹುದು. ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸುವುದು ಮಾತ್ರ ಸಾಧ್ಯವಿಲ್ಲ. ಮೂರು ಸೆಕೆಂಡಿನ ಕೆಲಸ, ಆದರೆ ಅದಕ್ಕೆ ಮುಂಚಿನ ಅರ್ಧ ಗಂಟೆಯ ತಯಾರಿಯೇ ನಿಜವಾದ ಕೆಲಸ. ಇದು ನನಗೆ ಮೊದಲ ಸಲ ಗೊತ್ತಿರಲಿಲ್ಲ.

ಆ ದಿನ ಚೆನ್ನಾಗಿ ನೆನಪಿದೆ. ಬಾಡಿ ಆಶ್ ಮರದ್ದು. ವಾರಗಟ್ಟಲೆ ಉಜ್ಜಿ ಅದು ಅಂಗೈಗೆ ಒಗ್ಗುವಷ್ಟು ನುಣುಪಾಗಿತ್ತು. ಬೆನ್ನ ಮೇಲೆ ನಡುಗೆರೆ ಎಳೆದೆ. ಮುಂಭಾಗದಲ್ಲಿ ಬ್ರಿಡ್ಜ್ ಕೂರುವ ಜಾಗವನ್ನು ಸ್ಕೇಲಿನಲ್ಲಿ ಅಳೆದು, ಅದೇ ಅಳತೆಯನ್ನು ಹಿಂದಕ್ಕೆ ತಂದೆ. ಮೊದಲ ತೂತಿನ ಗುರುತು ಹಾಕಿದೆ. ಅಲ್ಲಿಂದ 10.8 ಅಳೆದು ಎರಡನೆಯದು. ಎರಡನೆಯದರಿಂದ 10.8 ಅಳೆದು ಮೂರನೆಯದು. ಹೀಗೆ ಆರು. ಸ್ಕೇಲಿನಲ್ಲಿ 10.8 ಅನ್ನುವ ಗೆರೆ ಇರುವುದಿಲ್ಲ, ಅಲ್ವಾ? ಹನ್ನೊಂದರ ಗೆರೆಗಿಂತ ತುಸು ಹಿಂದೆ ಅಂತ ಪ್ರತಿ ಸಲ ಅಂದಾಜು ಮಾಡಿದೆ. ಬಾಡಿಯನ್ನು ಮೇಜಿಗೆ ಕ್ಲ್ಯಾಂಪ್ ಹಾಕಿ ಬಿಗಿದು, ಕೈಯಲ್ಲಿ ಹಿಡಿಯುವ ಡ್ರಿಲ್‌ಗೆ 3 ಮಿ.ಮೀ. ಬಿಟ್ ಹಾಕಿ, ಪಕ್ಕದಲ್ಲಿ ಮೂಲೆಮಟ್ಟ ನಿಲ್ಲಿಸಿಕೊಂಡು ಕಣ್ಣಳತೆಯಲ್ಲಿ ನೇರ ಹಿಡಿದು ಶುರು ಮಾಡಿದೆ. ಮೂರು ತೂತು ಆಗುವಷ್ಟರಲ್ಲಿ ಬಿಟ್ ಬಿಸಿಯಾಗಿ ಮರ ಸುಟ್ಟ ವಾಸನೆ ಬರತೊಡಗಿತು. ಪುಡಿ ಹೊರಗೆ ಬರುತ್ತಿರಲಿಲ್ಲ. ಡ್ರಿಲ್ಲಿನ ಮೈ ಕ್ಲ್ಯಾಂಪ್‌ಗೆ ತಾಗುತ್ತಿತ್ತು. ಕ್ಲ್ಯಾಂಪ್ ಬಿಚ್ಚಿ, ಬಾಡಿಯನ್ನು ಸ್ವಲ್ಪ ಸರಿಸಿ, ಮತ್ತೆ ಬಿಗಿದು ಉಳಿದ ಮೂರು ಮುಗಿಸಿದೆ. ಫೆರೂಲ್ ಕೂರಿಸಲು ತೂತುಗಳನ್ನು ಅಗಲ ಮಾಡಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನೋಡಿದೆ. ಎದೆ ಧಸಕ್ಕೆಂದಿತು. ಮೊದಲ ಮೂರು ಒಂದು ಕಡೆ ವಾಲಿದ್ದವು. ನಾಲ್ಕನೆಯದು ಸಾಲು ಬಿಟ್ಟು ಕೆಳಗೆ ಕೂತಿತ್ತು.

ಕೈ ನಡುಗಿದ್ದರಿಂದ ಹೀಗಾಯಿತು ಅಂತ ಬಹಳ ದಿನ ಅಂದುಕೊಂಡಿದ್ದೆ. ಅಭ್ಯಾಸ ಸಾಲದು, ಇನ್ನಷ್ಟು ತೂತು ಕೊರೆದರೆ ಕೈ ಪಳಗುತ್ತದೆ ಅಂತ. ಈಗ ಹಿಂತಿರುಗಿ ನೋಡಿದರೆ ಕೈಯ ಪಾಲು ತೀರಾ ಕಡಿಮೆ. ಒಂದರಿಂದ ಒಂದಕ್ಕೆ ಅಳೆಯುತ್ತಾ ಹೋದದ್ದು ಮೊದಲ ತಪ್ಪು. ಪ್ರತಿ ಅಂದಾಜಿನ ಚೂರು ಮುಂದಿನದಕ್ಕೆ ಸೇರಿಕೊಂಡು ಬೆಳೆಯಿತು. ಒಂದೇ ಕಡೆಯಿಂದ 10.8, 21.6, 32.4, 43.2, 54 ಅಂತ ಗುರುತು ಹಾಕಿದ್ದರೆ ಅದು ಬೆಳೆಯುತ್ತಿರಲಿಲ್ಲ. ಎರಡನೆಯದು ಬಿಟ್. ಸಾಮಾನ್ಯ 3 ಮಿ.ಮೀ. ಬಿಟ್‌ನ ಒಟ್ಟು ಉದ್ದ 61 ಮಿ.ಮೀ. ಇದ್ದರೂ ಪುಡಿ ಮೇಲೆ ತರುವ ಸುರುಳಿ ಕಾಲುವೆ ಇರುವುದು 33 ಮಿ.ಮೀ. ಮಾತ್ರ. ಬಾಡಿ 45. ಕಾಲುವೆ ಪೂರ್ತಿ ಮರದೊಳಗೆ ಮುಳುಗಿದ ಮೇಲೆ ಪುಡಿಗೆ ಹೊರಗೆ ಬರಲು ದಾರಿಯೇ ಇಲ್ಲ. ಅದು ಒಳಗೇ ಗಿಡಿದು, ಬಿಟ್ ಬಿಸಿಯಾಗಿ, ಬಾಗಿ, ತನಗೆ ಸುಲಭವಾದ ಕಡೆಗೆ ಹೊರಳುತ್ತದೆ. ಉದ್ದದ ಜಾತಿಯ ಬಿಟ್ ತಗೊಂಡು, ಐದಾರು ಮಿ.ಮೀ.ಗೊಮ್ಮೆ ಹೊರಗೆಳೆದು ಪುಡಿ ಕೆಡವಿ ಮುಂದೆ ಹೋಗಬೇಕಿತ್ತು. ಮೂರನೆಯದು ಕೋನ. 45 ಮಿ.ಮೀ. ದಪ್ಪದಲ್ಲಿ ಒಂದೇ ಒಂದು ಡಿಗ್ರಿ ವಾಲಿದರೂ ಆಚೆ ತುದಿಯಲ್ಲಿ 0.8 ಮಿ.ಮೀ. ಸರಿದಿರುತ್ತದೆ. ಒಂದು ಡಿಗ್ರಿಯನ್ನು ಯಾವ ಕಣ್ಣೂ ಮೂಲೆಮಟ್ಟದ ಪಕ್ಕದಲ್ಲಿ ಹಿಡಿಯಲಾರದು.

ಮರವೂ ಎಳೆಯುತ್ತದೆ

ಆಶ್ ಮರವನ್ನು ಹತ್ತಿರದಿಂದ ನೋಡಿ. ವಸಂತದಲ್ಲಿ ಬೆಳೆದ ಪಟ್ಟಿ ಮೆತ್ತಗೆ, ದೊಡ್ಡ ದೊಡ್ಡ ರಂಧ್ರಗಳಿಂದ ಕೂಡಿರುತ್ತದೆ. ಅದರ ಪಕ್ಕದಲ್ಲೇ ಬೇಸಿಗೆಯಲ್ಲಿ ಬೆಳೆದ ಪಟ್ಟಿ ಗಟ್ಟಿಯಾಗಿ, ನುಣ್ಣಗೆ ಇರುತ್ತದೆ. ಪೆನ್ಸಿಲ್ ಗುರುತು ಈ ಎರಡರ ಗಡಿಯಲ್ಲಿ ಬಿದ್ದರೆ, ತಿರುಗುವ ಬಿಟ್ ಗಟ್ಟಿ ಪಟ್ಟಿಯ ಮೇಲೆ ನಿಲ್ಲದೆ ಮೆತ್ತಗಿನ ಕಡೆಗೆ ಜಾರುತ್ತದೆ. ಗಟ್ಟಿಯಾಗಿ ಹಿಡಿದರೂ ಜಾರುತ್ತದೆ. ಲೋಹಕ್ಕೆಂದು ಮಾಡಿದ ಬಿಟ್‌ನ ಮೂತಿ ಮೊಂಡು, 118 ಡಿಗ್ರಿಯ ಕೋನ. ಅದರ ತುದಿ ನಿಜವಾಗಿ ಒಂದು ಬಿಂದುವಲ್ಲ, ಒಂದು ಚಿಕ್ಕ ಅಡ್ಡಗೆರೆ. ಆ ಅಡ್ಡಗೆರೆ ಮರವನ್ನು ಕಚ್ಚುವ ಮೊದಲು ಸ್ವಲ್ಪ ಅಲೆದಾಡುತ್ತದೆ. ಆಲ್ಡರ್ ಥರದ ಸಮನಾದ ಎಳೆಯ ಮರದಲ್ಲಿ ಈ ಕಾಟ ಕಡಿಮೆ. ಆಶ್‌ನಲ್ಲಿ ತುಂಬಾ ಜಾಸ್ತಿ.

ಮರಕ್ಕೆಂದೇ ಮಾಡಿದ ಬಿಟ್ ಬೇರೆ ಇದೆ, ಬ್ರ್ಯಾಡ್ ಪಾಯಿಂಟ್ ಅನ್ನುತ್ತಾರೆ. ನಡುವೆ ಮುಳ್ಳಿನಂಥ ಚೂಪು ಮೊನೆ, ಅಂಚಿನಲ್ಲಿ ಎರಡು ಹಲ್ಲು. ಮೊನೆ ಮೊದಲು ಮರಕ್ಕೆ ಇಳಿದು ಜಾಗ ಹಿಡಿಯುತ್ತದೆ. ಅಂಚಿನ ಹಲ್ಲು ನಾರನ್ನು ಸುತ್ತ ಕತ್ತರಿಸಿದ ಮೇಲೆ ಒಳಗಿನ ಮರ ಎದ್ದು ಬರುತ್ತದೆ. ತೂತಿನ ಅಂಚು ಚಾಕುವಿನಿಂದ ಕೊಯ್ದ ಹಾಗೆ ಇರುತ್ತದೆ. ಗುರುತನ್ನೂ ನಾನು ಈಗ ಪೆನ್ಸಿಲ್ಲಿನಲ್ಲಿ ಹಾಕುವುದಿಲ್ಲ. ಪೆನ್ಸಿಲ್ ಗೆರೆಗೇ ಅರ್ಧ ಮಿ.ಮೀ. ದಪ್ಪ ಇರುತ್ತದೆ. ಚೂಪು ಚಾಕುವಿನಲ್ಲಿ ಎರಡು ಗೆರೆ ಅಡ್ಡಡ್ಡ ಗೀಚುತ್ತೇನೆ. ಅವು ಕೂಡುವ ಕಡೆ ಸೂಜಿಮೊನೆಯ ದಬ್ಬಳ ಇಟ್ಟರೆ ಅದು ತಾನೇ ಹೋಗಿ ಕೂರುತ್ತದೆ. ಬೆರಳಿಗೆ ಗೊತ್ತಾಗುತ್ತದೆ, ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಒಂದು ಸಲ ಒತ್ತಿ ಸಣ್ಣ ಕುಳಿ ಮಾಡಿದರೆ ಬಿಟ್‌ನ ಮೊನೆಗೂ ಅದೇ ಮನೆ. ಗಟ್ಟಿ ಪಟ್ಟಿ ಅಡ್ಡ ಬಂದ ಕಡೆ ದಬ್ಬಳವನ್ನು ತುಸು ಓರೆ ಮಾಡಿ ಕುಳಿಯನ್ನು ಗಟ್ಟಿ ಕಡೆಗೇ ಚೂರು ಎಳೆದುಕೊಳ್ಳುತ್ತೇನೆ. ಇದು ಹೇಳಿ ಕಲಿಸುವುದು ಕಷ್ಟ. ಅದೇ ಮರದ ತುಂಡಿನ ಮೇಲೆ ಹತ್ತು ಸಲ ಮಾಡಿದರೆ ಬರುತ್ತದೆ.

"ಅಳೀಬೇಡ, ತಾಗ್ಸು"

ಎರಡನೆಯ ಗಿಟಾರಿನ ಹೊತ್ತಿಗೆ ನನಗೆ ಒಬ್ಬ ಹಿರಿಯರ ಪರಿಚಯವಾಗಿತ್ತು. ಆಯುಷ್ಯವಿಡೀ ಲೋಹದ ಬಿಡಿಭಾಗ ಮಾಡುವ ಯಂತ್ರಗಳ ಮುಂದೆ ನಿಂತು ದುಡಿದವರು. ಗಿಟಾರಿನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ತೂತಿನ ಬಗ್ಗೆ ಎಲ್ಲವೂ ಗೊತ್ತಿತ್ತು. ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಮೇಜಿನ ಮೇಲೆ ಇಡುವ ಡ್ರಿಲ್ ಪ್ರೆಸ್, ಅಂದರೆ ಕಂಬಕ್ಕೆ ಕೂರಿಸಿದ ಡ್ರಿಲ್ ಯಂತ್ರ, ಇತ್ತು. ಬಾಡಿ ಎತ್ತಿಕೊಂಡು ಅಲ್ಲಿಗೆ ಹೋದೆ. ಯಂತ್ರ ಇದೆ ಅಂದ ಮೇಲೆ ಎಲ್ಲ ತಾನೇ ನೇರ ಬರುತ್ತದೆ ಅಂತ ನನ್ನ ನಂಬಿಕೆ. ಅವರು ಬಾಡಿಯನ್ನು ಮುಟ್ಟಲೇ ಇಲ್ಲ. ಮೊದಲು ಒಂದು ದಪ್ಪ ತಂತಿಯನ್ನು ಇಂಗ್ಲಿಷಿನ ಝಡ್ ಅಕ್ಷರದ ಹಾಗೆ ಬಗ್ಗಿಸಿ, ಬಿಟ್ ಹಿಡಿಯುವ ಚಕ್‌ಗೆ ಸಿಕ್ಕಿಸಿದರು. ತಂತಿಯ ತುದಿ ಟೇಬಲ್ಲಿಗೆ ಬರೀ ಸವರುವ ಹಾಗೆ ಇಳಿಸಿ, ಕೈಯಲ್ಲಿ ಚಕ್ ತಿರುಗಿಸಿದರು. ಒಂದು ಕಡೆ ತಂತಿ ಟೇಬಲ್ಲಿಗೆ ಉಜ್ಜಿತು. ಎದುರು ಬದಿಯಲ್ಲಿ ಒಂದು ಕಾಗದ ತೂರುವಷ್ಟು ಸಂದು ಬಿತ್ತು. "ನೋಡಿದ್ಯಾ, ಟೇಬಲ್ ಬಗ್ಗಿದೆ. ಯಂತ್ರ ಅಂತ ನಂಬ್ಬಾರ್ದು," ಅಂದರು. ನಟ್ ಸಡಿಲ ಮಾಡಿ, ಟೇಬಲ್ ಒಂದಿಷ್ಟು ತಿರುಗಿಸಿ, ಮತ್ತೆ ತಂತಿ ಸುತ್ತಿಸಿ ನೋಡಿದರು. ನಾಲ್ಕೂ ದಿಕ್ಕಿನಲ್ಲಿ ತಂತಿ ಒಂದೇ ಥರ ಸವರುವವರೆಗೂ ಬಿಡಲಿಲ್ಲ. ಇಪ್ಪತ್ತು ನಿಮಿಷವಾದರೂ ಆಗಿರಬೇಕು.

ಆಮೇಲೆ ನನ್ನ ಸ್ಕೇಲನ್ನು ಕೇಳಿ ಇಸಕೊಂಡು ಪಕ್ಕಕ್ಕಿಟ್ಟರು. ಮುಂಭಾಗದ ಜಾಗ ಹೇಗೆ ಗುರುತು ಮಾಡುತ್ತೀಯ ಅಂತ ಕೇಳಿದರು. ಅಳೆದು, ಅಂದೆ. "ಬ್ರಿಡ್ಜ್ ಅಂತೀಯಲ್ಲ, ಅದ್ರಲ್ಲೇ ತೂತು ಇದ್ಯಲ್ಲಪ್ಪ. ಅದನ್ನೇ ಇಟ್ಟು ಗುರುತು ಹಾಕು. ಅಳೀಬೇಡ, ತಾಗ್ಸು." ಹೌದಲ್ಲ! ಬ್ರಿಡ್ಜ್ ಪ್ಲೇಟಿನಲ್ಲಿ ತಂತಿ ಬರುವ ಆರು ತೂತು ಇದ್ದೇ ಇವೆ. ತಂತಿ ಹಾದುಹೋಗಬೇಕಾದದ್ದು ಅದರ ಮೂಲಕವೇ. ಅದಕ್ಕಿಂತ ಒಳ್ಳೆಯ ಅಳತೆ ನನ್ನ ಸ್ಕೇಲಿನಲ್ಲಿ ಎಲ್ಲಿಂದ ಬರಬೇಕು? ಬ್ರಿಡ್ಜನ್ನು ಅದರ ಜಾಗದಲ್ಲಿ ಬಿಗಿದು, ಅದರ ತೂತಿಗೆ ಸರಿಯಾಗಿ ಕೂರುವ ಬಿಟ್ ಇಳಿಸಿ, ಬೆರಳಲ್ಲಿ ಎರಡು ಸುತ್ತು ತಿರುಗಿಸಿ ಆರು ಕುಳಿ ಮಾಡಿದೆವು. ಬ್ರಿಡ್ಜ್ ತೆಗೆದು, ಡ್ರಿಲ್ ಪ್ರೆಸ್ಸಿನಲ್ಲಿ 3.2 ಮಿ.ಮೀ. ಬಿಟ್ ಹಾಕಿ ಮುಂಭಾಗದಿಂದ ಅರ್ಧ ದಾರಿಯವರೆಗೆ, 25 ಮಿ.ಮೀ. ಆಳಕ್ಕೆ ಆರೂ ತೂತು ಕೊರೆದೆವು.

ಮುಂದಿನದು ನಾನು ಇವತ್ತಿಗೂ ಮರೆಯದ ಕೆಲಸ. ಟೇಬಲ್ ಮೇಲೆ ಒಂದು ಸಮತಟ್ಟು ಹಲಗೆ ಇಟ್ಟು ಎರಡೂ ಕಡೆ ಕ್ಲ್ಯಾಂಪ್ ಬಿಗಿದರು. ಅದೇ 3.2ರ ಬಿಟ್‌ನಿಂದ ಆ ಹಲಗೆಗೇ ಒಂದು ತೂತು ಹಾಕಿದರು. ಆ ತೂತಿಗೆ ಅದೇ ದಪ್ಪದ ಹಳೆಯ ಬಿಟ್ ಒಂದರ ನುಣುಪು ಬಾಲವನ್ನು ಕತ್ತರಿಸಿ ಬಡಿದರು. ಹಲಗೆಯ ಮೇಲೆ 5 ಮಿ.ಮೀ. ಎತ್ತರಕ್ಕೆ ಒಂದು ಉಕ್ಕಿನ ಮೊಳಕೆ ನಿಂತಿತು. ಅದರ ನೆತ್ತಿಯ ಮೇಲೇ ಬಿಟ್‌ನ ಮೂತಿ. ಈಗ ಬಾಡಿಯನ್ನು ಮಗುಚಿ ಹಾಕಿ, ಮುಂಭಾಗದ ಮೊದಲ ತೂತನ್ನು ಆ ಮೊಳಕೆಯ ಮೇಲೆ ಕೂರಿಸಿದರು. ಟಕ್ ಅಂತ ಕೂತಿತು. ಬಾಡಿ ಅಲುಗಲಿಲ್ಲ. ಬೆನ್ನಿನ ಮೇಲೆ ಯಾವ ಗುರುತೂ ಇರಲಿಲ್ಲ. ಗುರುತು ಬೇಕಾಗಿಯೂ ಇರಲಿಲ್ಲ. ಕೆಳಗಿನ ತೂತು ಎಲ್ಲಿದೆಯೋ ಅದರ ನೇರ ಮೇಲೇ ಬಿಟ್ ಇಳಿಯುತ್ತದೆ.

ಮೊದಲು ಫೆರೂಲಿನ 8 ಮಿ.ಮೀ. ಬಿಟ್, ಆಮೇಲೆ ಸಣ್ಣದು. ಈ ಕ್ರಮ ತಪ್ಪಬಾರದು. ಸಣ್ಣ ತೂತು ಮೊದಲೇ ಇದ್ದರೆ ದೊಡ್ಡ ಬಿಟ್‌ನ ನಡುಮೊನೆಗೆ ಕಚ್ಚಲು ಮರವೇ ಇರುವುದಿಲ್ಲ, ಅದು ಕುಣಿಯುತ್ತದೆ. ನನ್ನ ಮೊದಲ ಗಿಟಾರಿನಲ್ಲಿ ಆದ ಇನ್ನೊಂದು ತಪ್ಪು ಇದೇ. ದೊಡ್ಡದು ಮೊದಲಾದರೆ ಅದರ ಮೊನೆ ಬಿಟ್ಟುಹೋದ ಕುಳಿಯೇ ಸಣ್ಣದಕ್ಕೆ ದಾರಿ ತೋರಿಸುತ್ತದೆ. ಆರನ್ನೂ ದೊಡ್ಡ ಬಿಟ್‌ನಿಂದ ಒಂದೇ ಆಳಕ್ಕೆ ಮುಗಿಸಿ, ಬಿಟ್ ಬದಲಿಸಿ, ಮತ್ತೆ ಮೊದಲಿಂದ ಒಂದೊಂದನ್ನೇ ಮೊಳಕೆಯ ಮೇಲೆ ಕೂರಿಸಿ ಸಣ್ಣ ತೂತು ಇಳಿಸಿದೆ. ಪುಡಿ ಕೆಡವಲು ಹೊರಗೆಳೆಯುವುದು, ಮತ್ತೆ ಇಳಿಸುವುದು. ಮುಂದಿನಿಂದ ಬಂದ ತೂತಿಗೆ ಹಿಂದಿನಿಂದ ಬಂದದ್ದು ಕೂಡುವ ಗಳಿಗೆಯಲ್ಲಿ ಹಿಡಿಗೆ ಒಂದು ಸಣ್ಣ ಸಡಿಲು ಬರುತ್ತದೆ. ಹಿಡಿ ಹಗುರಾಗುತ್ತದೆ. ಆರು ಸಲ ಆ ಸಡಿಲು ಬಂತು. ಬಾಡಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರೆ ಆರು ಬೆಳಕಿನ ಚುಕ್ಕೆ, ಒಂದು ಸಾಲು.

ಆ ಸಾಲು ನೂರಕ್ಕೆ ನೂರು ಸರಿ ಅಂತ ಹೇಳುವುದಿಲ್ಲ. ಟೇಬಲ್ ಇನ್ನೂ ಚೂರು ವಾಲಿದ್ದರೆ ಬೆನ್ನಿನ ಆರೂ ತೂತು ಚೂರು ಸರಿದಿರುತ್ತವೆ. ಆದರೆ ಬಾಡಿಯನ್ನು ಒಂದೇ ದಿಕ್ಕಿಗೆ ಇಟ್ಟು ಕೊರೆದಿದ್ದರಿಂದ ಆರೂ ಒಂದೇ ಕಡೆಗೆ, ಒಂದೇ ಅಳತೆಗೆ ಸರಿದಿರುತ್ತವೆ. ಸಾಲು ಸಾಲಾಗಿಯೇ ಉಳಿಯುತ್ತದೆ. ನನ್ನನ್ನು ಇಷ್ಟು ದಿನ ಕೊರೆದದ್ದು ಏನು ಅಂತ ಆಗ ಹೊಳೆಯಿತು. ಮೊದಲ ಗಿಟಾರಿನಲ್ಲಿ ತೂತುಗಳು ನಕ್ಷೆಯ ಜಾಗದಿಂದ ಸರಿದದ್ದು ನನ್ನ ನೋವಲ್ಲ. ನಕ್ಷೆ ಯಾರಿಗೆ ಕಾಣುತ್ತದೆ? ಅವು ಒಂದರಿಂದ ಒಂದು ಸರಿದಿದ್ದವು. ಆರು ಜನ ಒಟ್ಟಿಗೆ ಹಾಡುವಾಗ ಎಲ್ಲರೂ ಶ್ರುತಿಯಿಂದ ಒಂದೇ ಅಳತೆಗೆ ಇಳಿದರೆ ಕಿವಿ ಸುಲಭಕ್ಕೆ ಹಿಡಿಯುವುದಿಲ್ಲ. ಒಬ್ಬರು ಮಾತ್ರ ಇಳಿದರೆ ತಕ್ಷಣ ಗೊತ್ತಾಗುತ್ತದೆ.

ಕಣ್ಣಿಗಲ್ಲ, ಕೆಲಸಕ್ಕೇ ಬೇಕಾದ ನೇರ

ಫೆರೂಲಿನ ಸಾಲು ಬರೀ ನೋಟದ ಮಾತು ಅಂದೆ. ಎಲ್ಲ ತೂತುಗಳೂ ಹಾಗಲ್ಲ. 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್‌ನ ಅಲುಗಾಡುವ ಬ್ರಿಡ್ಜ್ ಆರು ಸ್ಕ್ರೂಗಳ ಮೇಲೆ ತೂಗುತ್ತದೆ. ಆ ಸಾಲಿನಲ್ಲಿ ಒಂದು ಸ್ಕ್ರೂ ಹಿಂದೆ ಮುಂದೆ ಆದರೆ ಬ್ರಿಡ್ಜ್ ಅದಕ್ಕೆ ಸಿಕ್ಕಿಕೊಂಡು ಸರಾಗವಾಗಿ ತಿರುಗುವುದಿಲ್ಲ. ಬ್ರಿಡ್ಜಿನ ಹಿಡಿ ಒತ್ತಿ ಬಿಟ್ಟ ಮೇಲೆ ತಂತಿಗಳು ಮೊದಲಿನ ಶ್ರುತಿಗೆ ಮರಳುವುದಿಲ್ಲ. ಎರಡು ಕಂಬದ ಮೇಲೆ ನಿಲ್ಲುವ ಟ್ಯೂನ್-ಒ-ಮ್ಯಾಟಿಕ್ ಥರದ ಬ್ರಿಡ್ಜಿಗೆ ಎರಡೇ ತೂತು, ನಡುವೆ ಸುಮಾರು 74 ಮಿ.ಮೀ. ದೂರ. ದಪ್ಪ ತಂತಿಗಳ ಕಡೆಯ ಕಂಬ ಚೂರು ಹಿಂದೆ ಇರಬೇಕು. ಅದು ಮುಂದೆ ಬಂದರೆ ತಂತಿ ಕೂರುವ ಸ್ಯಾಡಲ್ ಎಷ್ಟು ಹಿಂದೆ ತಿರುಗಿಸಿದರೂ ನೆಕ್ಕಿನ ಲೋಹದ ಅಡ್ಡಪಟ್ಟಿಗಳಲ್ಲಿ, ಅಂದರೆ ಮೇಲಿನ ಫ್ರೆಟ್‌ಗಳಲ್ಲಿ, ಸ್ವರ ಏರಿಯೇ ಇರುತ್ತದೆ. ಇಲ್ಲಿ ತಪ್ಪಿದರೆ ಗಿಟಾರ್ ಕಡೆಯವರೆಗೂ ಅಪಸ್ವರ ನುಡಿಯುತ್ತದೆ.

ಬ್ರಿಡ್ಜ್ ಅಡ್ಡಕ್ಕೆ ಸರಿದರೂ ಕಷ್ಟವೇ. ನಟ್‌ನಿಂದ (ನೆಕ್ಕಿನ ಆಚೆ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಬ್ರಿಡ್ಜಿಗೆ 648 ಮಿ.ಮೀ. ಇರುವ ಗಿಟಾರಿನಲ್ಲಿ ಬ್ರಿಡ್ಜ್ 1 ಮಿ.ಮೀ. ಪಕ್ಕಕ್ಕೆ ಹೋದರೆ, 12ನೇ ಫ್ರೆಟ್ಟಿನ ಹತ್ತಿರ ತಂತಿ ಅರ್ಧ ಮಿ.ಮೀ. ಸರಿಯುತ್ತದೆ, 22ನೇ ಫ್ರೆಟ್ಟಿನ ಹತ್ತಿರ 0.7 ಮಿ.ಮೀ. ಮೊದಲ ತಂತಿ ಅಂಚಿನ ಕಡೆ ಸರಿದರೆ ನುಡಿಸುವಾಗ ಬೆರಳಿನಡಿಯಿಂದ ಜಾರಿ ಫ್ರೆಟ್ ಬಿಟ್ಟು ಕೆಳಗೆ ಬೀಳುತ್ತದೆ. ಹಾಗಾಗಿ ನಾನು ಈಗ ಬಾಡಿಯ ನಡುಗೆರೆಯನ್ನು ನಂಬಿ ಬ್ರಿಡ್ಜಿನ ಜಾಗ ತೀರ್ಮಾನಿಸುವುದಿಲ್ಲ. ನೆಕ್ ಮೊದಲು ಕೂರಿಸುತ್ತೇನೆ. ನೆಕ್ ತನ್ನ ಗುಳಿಯಲ್ಲಿ ಕೂದಲೆಳೆಯಷ್ಟಾದರೂ ಒಂದು ಕಡೆ ತಿರುಗಿಯೇ ಕೂರುತ್ತದೆ. ನಟ್‌ನ ಮೊದಲ ಮತ್ತು ಆರನೆಯ ಗೀರಿನಿಂದ ಎರಡು ಬಿಳಿ ದಾರ ಎಳೆದು, ಬ್ರಿಡ್ಜಿನ ಎರಡು ಕಡೆಯ ಸ್ಯಾಡಲ್‌ಗಳಿಗೆ ಬಿಗಿಯಾಗಿ ತರುತ್ತೇನೆ. ಬ್ರಿಡ್ಜನ್ನು ಬೆರಳಲ್ಲಿ ತಳ್ಳುತ್ತಾ, ಎರಡೂ ದಾರ ನೆಕ್ಕಿನ ಅಂಚಿನಿಂದ ಸಮ ದೂರ ಇರುವ ಜಾಗ ಸಿಕ್ಕಿದ ಮೇಲೇ ಗುರುತು. ಇಲ್ಲೂ ಅದೇ, ಅಳೆಯುವುದಕ್ಕಿಂತ ತಾಗಿಸುವುದು. ನಾಳೆ ತಂತಿ ಹೋಗುವ ದಾರಿಯಲ್ಲಿ ಇವತ್ತು ದಾರ ಹೋಗುತ್ತದೆ, ಅಷ್ಟೇ.

ನೆಕ್ಕಿನ ನಾಲ್ಕು ಸ್ಕ್ರೂಗಳ ವಿಷಯದಲ್ಲಿ ನಾನು ಕಲಿತದ್ದು ಬೇರೆ. ಮೊದಲ ಗಿಟಾರಿನಲ್ಲಿ ಬಾಡಿಗೂ ನೆಕ್ಕಿಗೂ ಒಂದೇ ಅಳತೆಯ ತೂತು ಹಾಕಿದ್ದೆ. ಸ್ಕ್ರೂ ಎರಡರಲ್ಲೂ ಬಿಗಿಯಾಗಿ ಕಚ್ಚಬೇಕು, ಆಗಲೇ ಗಟ್ಟಿ ಅಂತ ನನ್ನ ಲೆಕ್ಕ. ಎಷ್ಟು ಬಿಗಿದರೂ ನೆಕ್ಕಿನ ಬುಡದಲ್ಲಿ ಕಾಗದದಷ್ಟು ಸಂದು ಉಳಿಯುತ್ತಿತ್ತು. ಸ್ಕ್ರೂಡ್ರೈವರ್ ತಿರುಗಿಸಿ ಅಂಗೈ ಕೆಂಪಾಯಿತು, ಸಂದು ಹಾಗೇ ಇತ್ತು. ಸ್ಕ್ರೂ ಬಾಡಿಯನ್ನೂ ನೆಕ್ಕನ್ನೂ ಒಟ್ಟಿಗೆ ಕಚ್ಚಿ ಹಿಡಿದಿದ್ದರಿಂದ ಆ ಸಂದನ್ನೇ ಕಾಪಾಡುತ್ತಿತ್ತು. ಬಾಡಿಯ ತೂತಿನಲ್ಲಿ ಸ್ಕ್ರೂ ಸಡಿಲವಾಗಿ ಜಾರಿ ಹೋಗಬೇಕು, ನೆಕ್ಕಿನಲ್ಲಿ ಮಾತ್ರ ಕಚ್ಚಬೇಕು. 4.2 ಮಿ.ಮೀ. ಸ್ಕ್ರೂಗೆ ಬಾಡಿಯಲ್ಲಿ 4.5, ಗಟ್ಟಿ ಮೇಪಲ್ ನೆಕ್ಕಿನಲ್ಲಿ 3.2. ಬಾಡಿಯ ತೂತುಗಳನ್ನು ಅಗಲ ಮಾಡಿದ ಮೇಲೆ ಎರಡೇ ತಿರುವಿಗೆ ನೆಕ್ ಗುಳಿಗೆ ಬಂದು ಅಂಟಿಕೊಂಡಿತು.

ನೆಕ್ಕಿನ ಗುರುತನ್ನೂ ಬಾಡಿಯ ತೂತಿನಿಂದಲೇ ತೆಗೆಯುತ್ತೇನೆ. ನೆಕ್ಕನ್ನು ಗುಳಿಯಲ್ಲಿ ಕ್ಲ್ಯಾಂಪ್ ಮಾಡಿ, 4.5ರ ಬ್ರ್ಯಾಡ್ ಪಾಯಿಂಟ್ ಬಿಟ್ಟನ್ನು ಬೆನ್ನಿನಿಂದ ತೂರಿಸಿ ಬೆರಳಲ್ಲಿ ತಿರುಗಿಸಿದರೆ ನಡುಮೊನೆ ನೆಕ್ಕಿನ ಮೇಲೆ ಚುಕ್ಕೆ ಬಿಡುತ್ತದೆ. ಆಮೇಲೆ ನೆಕ್ ತೆಗೆದು ಆ ಚುಕ್ಕೆಗೆ 3.2ರ ತೂತು. ಆಳದ ಬಗ್ಗೆ ಮಾತ್ರ ತುಂಬಾ ಎಚ್ಚರ ಬೇಕು. ಬಾಡಿ 45, ಗುಳಿ 16, ಅದರಡಿ ಉಳಿಯುವ ಮರ 29. ಮೇಲೆ ಲೋಹದ ತಗಡು. 45 ಮಿ.ಮೀ. ಸ್ಕ್ರೂ ನೆಕ್ಕಿನೊಳಗೆ 14 ಅಥವಾ 15 ಹೋಗುತ್ತದೆ. ನೆಕ್ಕಿನ ಬುಡದ ದಪ್ಪ ಸುಮಾರು 25. ಅಂದರೆ ಬಿಟ್‌ನ ಮೊನೆಗೂ ಬೆರಳಾಡಿಸುವ ಫಲಕದ ಮೇಲ್ಮೈಗೂ ನಡುವೆ 10 ಮಿ.ಮೀ. ಮಾತ್ರ. ಡ್ರಿಲ್ ಪ್ರೆಸ್ಸಿನ ಆಳದ ತಡೆ ಬಿಗಿದು, ಅದರ ಮೇಲೆ ಬಿಟ್‌ಗೆ ಬಣ್ಣದ ಟೇಪು ಸುತ್ತಿಯೇ ನಾನು ಈ ನಾಲ್ಕು ತೂತು ಕೊರೆಯುವುದು.

ತಂತಿಯ ನಾದ ಹಿಡಿಯುವ ಪಿಕಪ್ಪಿನ ವೈರು ಹೋಗುವ ಒಳದಾರಿ, ಜ್ಯಾಕ್ ಕೂರುವ ಅಂಚಿನ ತೂತು, ಬ್ರಿಡ್ಜಿನಿಂದ ಬರುವ ಗ್ರೌಂಡ್ ವೈರಿನ ತೂತು ಇವೆಲ್ಲ ಕಾಣದವು. ಅರ್ಧ ಮಿ.ಮೀ. ಲೆಕ್ಕ ಇಲ್ಲಿ ಬೇಡ. ಆದರೆ ಉದ್ದದ ಬಿಟ್ಟನ್ನು ಒಂದು ಗುಳಿಯಿಂದ ಇನ್ನೊಂದಕ್ಕೆ ಓರೆಯಾಗಿ ತೂರಿಸುವಾಗ, ಮೊದಲು ಬಾಡಿಯ ಪಕ್ಕದಲ್ಲಿ ಬಿಟ್ ಹಿಡಿದು ಅದು ಎಲ್ಲಿ ಹೊರಬೀಳುತ್ತದೆ ಅಂತ ನೋಡಿಕೊಳ್ಳಿ. ಬೆನ್ನು ತೂತಾದ ಬಾಡಿಗಳನ್ನು ನೋಡಿದ್ದೇನೆ.

ತಪ್ಪಿದ ಮೇಲೆ

ತಪ್ಪಿದ ತೂತಿನ ಪಕ್ಕದಲ್ಲೇ ಸರಿಯಾದ ತೂತು ಕೊರೆಯಲು ಹೋಗಬೇಡಿ. ಬಿಟ್ ಹಳೆಯ ತೂತಿಗೇ ಜಾರುತ್ತದೆ. ಮೊದಲು ಪೂರ್ತಿ ಮುಚ್ಚಬೇಕು. ಅಂಗಡಿಯ ದುಂಡು ಕಡ್ಡಿ ಬಡಿದು ಮುಚ್ಚಿದರೆ ಅದರ ತಲೆಯಲ್ಲಿ ಎಳೆಯ ಕೊನೆ ಕಾಣುತ್ತದೆ, ಬಣ್ಣ ಹಚ್ಚಿದ ಮೇಲೆ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ. ಅದೇ ಬಾಡಿಯಿಂದ ಉಳಿದ ಮರದ ಅಗಲ ಮೈಯಿಂದ ಪ್ಲಗ್ ಕಟರ್‌ನಲ್ಲಿ ಬಿಲ್ಲೆ ತೆಗೆದು, ಎಳೆಯ ದಿಕ್ಕು ಹೊಂದಿಸಿ ಅಂಟಿಸಿದರೆ ಹುಡುಕಿದರೂ ಸಿಗದ ಹಾಗೆ ಕೂಡಿಕೊಳ್ಳುತ್ತದೆ. ಒಂದು ರಾತ್ರಿ ಒಣಗಲು ಬಿಟ್ಟು, ಆಮೇಲೆ ಹೊಸ ತೂತು. ಮೊದಲ ಗಿಟಾರಿಗೂ ಹೀಗೆ ಮಾಡಬಹುದು ಅಂತ ಆಶ್ ಮರದ ಆರು ಬಿಲ್ಲೆ ಕತ್ತರಿಸಿ ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ. ಬಹಳ ದಿನದಿಂದ ಅಲ್ಲೇ ಇವೆ.

ಮೊನ್ನೆ ಆ ಹಿರಿಯರು ಮನೆಗೆ ಬಂದಿದ್ದರು. ಎರಡನೆಯ ಗಿಟಾರನ್ನು ಅವರಿಗೆ ತೋರಿಸಬೇಕು ಅಂತ ನಾನು ಒಳಗೆ ಹೋದೆ. ಬರುವಷ್ಟರಲ್ಲಿ ಅವರು ಗೋಡೆಯಿಂದ ಮೊದಲನೆಯದನ್ನು ಇಳಿಸಿ, ತೊಡೆಯ ಮೇಲೆ ಬೋರಲು ಹಾಕಿಕೊಂಡು ಕೂತಿದ್ದರು. ತೋರುಬೆರಳು ಫೆರೂಲ್‌ಗಳ ಮೇಲೆ ನಿಧಾನವಾಗಿ ಹೋಗುತ್ತಿತ್ತು. ಒಂದು, ಎರಡು, ಮೂರು. ನಾಲ್ಕನೆಯದರ ಮೇಲೆ ನಿಂತಿತು.

"ಇಲ್ಲಿ ಕ್ಲ್ಯಾಂಪ್ ಬಿಚ್ಚಿ ಮತ್ತೆ ಹಾಕಿದ್ಯಲ್ಲ?"

"ಹೌದು ಸಾರ್."

"ಹ್ಞೂಂ." ಬೆರಳು ಐದಕ್ಕೆ ಹೋಯಿತು, ಆರಕ್ಕೆ ಹೋಯಿತು. ಗಿಟಾರನ್ನು ತಿರುಗಿಸಿ, ನಾಲ್ಕನೆಯ ತಂತಿಯನ್ನು ಹೆಬ್ಬೆರಳಿನಿಂದ ಒಮ್ಮೆ ಮೀಟಿ, ಅದು ನಿಲ್ಲುವವರೆಗೂ ಕೇಳಿಸಿಕೊಂಡರು. ಆಮೇಲೆ ನನ್ನ ಕೈಯಲ್ಲಿದ್ದದ್ದನ್ನು ಇಸಕೊಳ್ಳಲು ಕೈ ಚಾಚಿದರು.